ಕಟ್ಟುಮಸ್ತಾದ ಮೈಗೆ ಡಬ್ಬಿಯ ಪುಡಿ ಬೇಕೆ?

ಎಸ್ಸೆಸ್ಸೆಲ್ಸಿ ಮುಗಿಸಿ ಕಾಲೇಜಿನ ಮೆಟ್ಟಿಲು ಹತ್ತಿದ ಹುಡುಗರ ಮನೆಗಳಲ್ಲಿ ಈಗ ಒಂದು ಹೊಸ ವಾಗ್ವಾದ ಸಾಮಾನ್ಯ. ಮಗ ಜಿಮ್ ಸೇರಿದ್ದಾನೆ. ತಿಂಗಳ ಶುಲ್ಕವನ್ನೇನೋ ಅಪ್ಪ ಕಟ್ಟಿದ್ದಾಯಿತು. ಎರಡನೆಯ ವಾರಕ್ಕೇ ಸಾವಿರಾರು ರೂಪಾಯಿಯ ಪ್ರೋಟೀನು ಪುಡಿಯ ಡಬ್ಬಿ ಬೇಕೆಂಬ ಬೇಡಿಕೆ ಬರುತ್ತದೆ. ಬೆಳಿಗ್ಗೆ ಇಡ್ಲಿ ಬೇಡ, ರಾತ್ರಿ ಅನ್ನ ಬೇಡ, ಹಸಿ ಮೊಟ್ಟೆ ಮಾತ್ರ ಸಾಕು! ‘ಅನ್ನ ತಿಂದರೆ ಮೈ ಬರೋಲ್ಲಮ್ಮ, ಹೊಟ್ಟೆ ಬರುತ್ತೆ’ ಎಂಬ ಉಪದೇಶ ಬೇರೆ. ಮಗ ಸೊರಗುತ್ತಾನೆಂದು ತಾಯಿಗೆ ಚಿಂತೆ, ಖರ್ಚಿನದು ತಂದೆಗೆ ಚಿಂತೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿಗೇ ಹೃದಯಾಘಾತದಿಂದ ತೀರಿಕೊಂಡ ಮೇಲಂತೂ ಜಿಮ್ ಎಂದರೇ ಬೆಚ್ಚುವ ಹೆತ್ತವರಿದ್ದಾರೆ.

ಮೈ ಬೆಳೆಸುವ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಮೈ ಬೆಳೆಯುವುದು ಹೇಗೆ ಎಂಬುದನ್ನು ತಿಳಿಯದೆ ಹೊರಟರೆ ಹಣವೂ ಹೋಗುತ್ತದೆ, ಆರೋಗ್ಯವೂ ಕೆಡುತ್ತದೆ.

ಕರು ಹೊತ್ತ ಮಿಲೋ

ಕ್ರಿಸ್ತಪೂರ್ವ ಆರನೆಯ ಶತಮಾನದಲ್ಲಿ ಕ್ರೋಟನ್ ಎಂಬ ಊರಿನಲ್ಲಿ ಮಿಲೋ ಎಂಬ ಹೆಸರಾಂತ ಗ್ರೀಕ್ ಪೈಲ್ವಾನನಿದ್ದ. ಆತ ದಿನವೂ ಒಂದು ಎಳೆಗರುವನ್ನು ಹೊತ್ತು ನಡೆಯುತ್ತಿದ್ದನಂತೆ. ಕರು ಬೆಳೆದಂತೆ ಅವನ ಬಲವೂ ಬೆಳೆಯಿತು, ಕೊನೆಗೆ ಬೆಳೆದ ಹೋರಿಯನ್ನೇ ಹೊತ್ತ ಎಂದು ಕಥೆ. ಕಥೆಯಲ್ಲಿ ಉತ್ಪ್ರೇಕ್ಷೆ ಇರಬಹುದು, ಆದರೆ ಅದರ ಒಳಗಿರುವ ತತ್ತ್ವ ನಿಜ. ಭಾರವನ್ನು ಸ್ವಲ್ಪ ಸ್ವಲ್ಪವಾಗಿ ಏರಿಸಿದರೆ ಸ್ನಾಯು ಅದಕ್ಕೆ ಹೊಂದಿಕೊಂಡು ಬಲಿಯುತ್ತದೆ.

ಇದನ್ನು ವೈದ್ಯಶಾಸ್ತ್ರಕ್ಕೆ ತಂದವರು ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲೋರ್ಮ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಂಡಿಗೆ ಪೆಟ್ಟಾದ ಸೈನಿಕರಿಗೆ ಅವರು ಭಾರ ಎತ್ತುವ ವ್ಯಾಯಾಮ ಮಾಡಿಸಿ, ಫಲಿತಾಂಶವನ್ನು 1945ರಲ್ಲಿ ಪ್ರಕಟಿಸಿದರು. ಮುಂದೆ ಅವರು ರೂಪಿಸಿದ ಕ್ರಮ ಸರಳ. ಸರಿಯಾಗಿ ಹತ್ತು ಸಲ ಮಾತ್ರ ಎತ್ತಬಲ್ಲ ಭಾರವನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಅದರ ಅರ್ಧ ಭಾರದಿಂದ ಹತ್ತು ಸಲ, ಮುಕ್ಕಾಲು ಭಾರದಿಂದ ಹತ್ತು ಸಲ, ಕೊನೆಗೆ ಪೂರ್ಣ ಭಾರದಿಂದ ಹತ್ತು ಸಲ ಎತ್ತಬೇಕು. ಅದು ಸುಲಭವಾದ ಮೇಲೆ ಭಾರವನ್ನು ತುಸು ಹೆಚ್ಚಿಸಬೇಕು. ಇಂದು ಜಿಮ್‌ಗಳಲ್ಲಿ ಕೇಳಿಬರುವ ‘ಮೂರು ಸೆಟ್, ಹತ್ತು ಸಲ’ ಎಂಬ ಮಾತಿನ ಹಿಂದೆ ಈ ಕ್ರಮವಿದೆ.

ನಮ್ಮಲ್ಲಿಯೂ ಇದು ಹೊಸದಲ್ಲ. ಮೈಸೂರಿನ ಗರಡಿಮನೆಗಳಲ್ಲಿ ದಂಡ, ಬಸ್ಕಿ ಹೊಡೆದು ಮಟ್ಟಿಗೆ ಇಳಿದವರ ಪರಂಪರೆಯೇ ಇದೆ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿದ ಕೆ.ವಿ. ಅಯ್ಯರ್ ಅವರೇ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನೂ ಬರೆದರು. ಪುಸ್ತಕಕ್ಕೂ ಡಂಬೆಲ್ಲಿಗೂ ವೈರವಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಬೆಳವಣಿಗೆ ಆಗುವುದು ವಿಶ್ರಾಂತಿಯಲ್ಲಿ

ಮೊದಲ ಕೆಲವು ವಾರ ಎತ್ತುವ ಭಾರ ಬೇಗ ಬೇಗ ಏರುತ್ತದೆ, ಆದರೆ ತೋಳು ದಪ್ಪವಾಗಿರುವುದಿಲ್ಲ. ಹುಡುಗರು ನಿರಾಶರಾಗುವುದು ಇಲ್ಲಿಯೇ. ಈ ಅವಧಿಯಲ್ಲಿ ಮುಖ್ಯವಾಗಿ ಪಾಠ ಕಲಿಯುವುದು ನರಮಂಡಲ. ಹೆಚ್ಚು ಸ್ನಾಯು ತಂತುಗಳನ್ನು ಒಟ್ಟಿಗೆ ದುಡಿಸಲು ಅದು ಕಲಿತುಕೊಳ್ಳುತ್ತದೆ. ತಂತುಗಳು ದಪ್ಪವಾಗಿ ಕಣ್ಣಿಗೆ ಕಾಣಲು ತಿಂಗಳುಗಳೇ ಬೇಕು. ‘ಒಂದು ತಿಂಗಳಲ್ಲಿ ಮೈ’ ಎಂಬ ಜಾಹೀರಾತನ್ನು ನಂಬಬಾರದು ಎನ್ನುವುದು ಇದೇ ಕಾರಣಕ್ಕೆ.

ಭಾರ ಎತ್ತಿದ ಮೇಲೆ ಒಂದೆರಡು ದಿನಗಳ ಕಾಲ ಸ್ನಾಯುವಿನಲ್ಲಿ ಪ್ರೋಟೀನು ನಿರ್ಮಾಣದ ವೇಗ ಹೆಚ್ಚಿರುತ್ತದೆ. ಅಂದರೆ ಜಿಮ್‌ನಲ್ಲಿ ನಡೆಯುವುದು ಬರಿಯ ಪ್ರಚೋದನೆ, ಕಟ್ಟಡ ಕೆಲಸ ನಡೆಯುವುದು ಆಮೇಲೆ. ಆದ್ದರಿಂದ ಹೊಸಬರಿಗೆ ದಿನ ಬಿಟ್ಟು ದಿನದಂತೆ ವಾರಕ್ಕೆ ಮೂರು ದಿನ ಧಾರಾಳವಾಯಿತು. ಹದಿಹರೆಯದವರಿಗೆ 8ರಿಂದ 10 ಗಂಟೆಗಳ ನಿದ್ರೆ ಬೇಕು. ರಾತ್ರಿ ಒಂದರವರೆಗೆ ಮೊಬೈಲು ನೋಡಿ, ಐದಕ್ಕೆದ್ದು ಜಿಮ್ಮಿಗೆ ಓಡುವವನು ಒಂದು ಕೈಯಲ್ಲಿ ಕಟ್ಟಿ ಇನ್ನೊಂದು ಕೈಯಲ್ಲಿ ಕೆಡವುತ್ತಿರುತ್ತಾನೆ.

ಎಷ್ಟು ಪ್ರೋಟೀನು ಬೇಕು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನ ಪ್ರಕಾರ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಬೇಕು. ಭಾರದ ವ್ಯಾಯಾಮ ಮಾಡುವವರಿಗೆ ಇದಕ್ಕಿಂತ ಹೆಚ್ಚು ಬೇಕಾಗುತ್ತದೆ. 49 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2018ರ ವಿಶ್ಲೇಷಣೆಯೊಂದರಲ್ಲಿ ಕಿಲೋಗೆ ಸುಮಾರು 1.6 ಗ್ರಾಂ ದಾಟಿದ ಮೇಲೆ ಸ್ನಾಯು ಬೆಳವಣಿಗೆಗೆ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. 60 ಕಿಲೋ ತೂಗುವ ಹುಡುಗನಿಗೆ ಲೆಕ್ಕ ಹಾಕಿದರೆ ಸಾಮಾನ್ಯ ಅಗತ್ಯ 50 ಗ್ರಾಂ, ಗರಿಷ್ಠ ಪ್ರಯೋಜನದ ಮಟ್ಟ 96 ಗ್ರಾಂ.

ಇದನ್ನು ಅಡುಗೆಮನೆಯಲ್ಲಿ ಹುಡುಕೋಣ. ಬೆಳಿಗ್ಗೆ ಮೂರು ಇಡ್ಲಿ, ಬೇಳೆ ಗಟ್ಟಿಯಾಗಿರುವ ಸಾಂಬಾರು: ಸುಮಾರು 10 ಗ್ರಾಂ. ಜೊತೆಗೆ ಬೇಯಿಸಿದ ಎರಡು ಮೊಟ್ಟೆ: 12 ಗ್ರಾಂ. ಮಧ್ಯಾಹ್ನ ರಾಗಿಮುದ್ದೆ, ಹುರುಳಿಕಾಳಿನ ಸಾರು, ಒಂದು ಬಟ್ಟಲು ಮೊಸರು: 20 ಗ್ರಾಂ. ಸಂಜೆ ಒಂದು ಹಿಡಿ ಕಡಲೆಕಾಯಿ ಬೀಜ, ಒಂದು ಲೋಟ ಹಾಲು: 13 ಗ್ರಾಂ. ರಾತ್ರಿ ಮೂರು ಚಪಾತಿ, ತೊವ್ವೆ, ಮೊಸರು: 20 ಗ್ರಾಂ. ಒಟ್ಟು 75 ಗ್ರಾಂ! ಇನ್ನೂ ಬೇಕೆನಿಸಿದರೆ 100 ಗ್ರಾಂ ಕೋಳಿಮಾಂಸದಲ್ಲಿ 20 ಗ್ರಾಂಗೂ ಹೆಚ್ಚು, ಅಷ್ಟೇ ತೂಕದ ಪನೀರಿನಲ್ಲಿ 18 ಗ್ರಾಂನಷ್ಟು ಪ್ರೋಟೀನು ಇದೆ. ಮೊಟ್ಟೆ ತಿನ್ನದವರು ಆ ಜಾಗಕ್ಕೆ ಮೊಳಕೆಕಾಳು, ಹಾಲು, ಸೋಯಾ ತಂದುಕೊಳ್ಳಬಹುದು.

ಮುದ್ದೆಗೆ ಕಾಳಿನ ಸಾರು ಜೊತೆಯಾಗಿರುವುದರಲ್ಲಿ ಜಾಣತನವೂ ಇದೆ. ಧಾನ್ಯಗಳಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಕಾಳುಗಳಲ್ಲಿ ಮೆಥಿಯೊನಿನ್ ಕಡಿಮೆ. ಎರಡೂ ಸೇರಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಹಾಗಾದರೆ ಡಬ್ಬಿಯಲ್ಲಿರುವುದೇನು? ಹಾಲು ಒಡೆಸಿ ಪನೀರು ತೆಗೆದಾಗ ಉಳಿಯುವ ತಿಳಿನೀರು ಎಲ್ಲ ತಾಯಂದಿರಿಗೂ ಗೊತ್ತು. ಚೀಸ್ ತಯಾರಿಸುವಾಗ ಉಳಿಯುವ ಅಂಥ ನೀರನ್ನೇ ಸಂಸ್ಕರಿಸಿ ಒಣಗಿಸಿದ್ದು ‘ವೇ’ ಪ್ರೋಟೀನು. ಅದು ವಿಷವೂ ಅಲ್ಲ, ಅಮೃತವೂ ಅಲ್ಲ. ಊಟದಲ್ಲಿ ಸಿಗುವುದನ್ನೇ ದುಬಾರಿ ಬೆಲೆಗೆ ಕೊಡುತ್ತದೆ, ಅಷ್ಟೆ. ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಂತೂ ಮೈ ಬೆಳೆಸಲು ಇಂಥ ಪುಡಿಗಳನ್ನು ಬಳಸಬೇಡಿ ಎಂದೇ ಹೇಳಿದೆ.

ಹಸಿ ಮೊಟ್ಟೆಯ ಭ್ರಮೆಯನ್ನೂ ಬಿಡಬೇಕು. ಬೇಯಿಸಿದ ಮೊಟ್ಟೆಯ ಪ್ರೋಟೀನಿನಲ್ಲಿ ನೂರಕ್ಕೆ 90ರಷ್ಟು ಮೈಗೆ ದಕ್ಕಿದರೆ, ಹಸಿಯದರಲ್ಲಿ ದಕ್ಕುವುದು ಅರ್ಧದಷ್ಟು ಮಾತ್ರ ಎಂದು 1998ರಲ್ಲಿ ಬೆಲ್ಜಿಯಂನ ಸಂಶೋಧಕರು ತೋರಿಸಿದರು. ಸೋಂಕಿನ ಅಪಾಯ ಬೇರೆ.

ಯಾವಾಗ ತಿನ್ನಬೇಕು?

ವ್ಯಾಯಾಮ ಮುಗಿದ ಅರ್ಧ ಗಂಟೆಯೊಳಗೆ ಪ್ರೋಟೀನು ಕುಡಿಯದಿದ್ದರೆ ಶ್ರಮವೆಲ್ಲ ವ್ಯರ್ಥ ಎಂಬ ಮಾತು ಜಿಮ್‌ಗಳಲ್ಲಿ ವೇದವಾಕ್ಯವಾಗಿದೆ. 2013ರಲ್ಲಿ ನಡೆದ ವಿಶ್ಲೇಷಣೆ ಇದನ್ನು ಒಪ್ಪಲಿಲ್ಲ. ಇಡೀ ದಿನದಲ್ಲಿ ತಿಂದ ಒಟ್ಟು ಪ್ರೋಟೀನು ಎಷ್ಟು ಎಂಬುದೇ ಮುಖ್ಯ, ಗಡಿಯಾರವಲ್ಲ ಎಂದು ಅದರಿಂದ ತಿಳಿದುಬಂತು. ಒಂದೇ ಹೊತ್ತಿಗೆ ಗುಡ್ಡೆ ಹಾಕುವುದರ ಬದಲು ಮೂರು ನಾಲ್ಕು ಹೊತ್ತಿಗೆ ಹಂಚಿ ತಿಂದರಾಯಿತು.

ಅನ್ನ, ಮುದ್ದೆಗಳನ್ನು ಶತ್ರುಗಳೆಂದು ದೂರ ಇಡುವುದೂ ತಪ್ಪು. ಅವುಗಳ ಪಿಷ್ಟ ಗ್ಲೂಕೋಸಾಗಿ, ಗ್ಲೈಕೋಜನ್ ರೂಪದಲ್ಲಿ ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಶೇಖರವಾಗುತ್ತದೆ. ಭಾರ ಎತ್ತುವಾಗ ಉರಿಯುವ ಮುಖ್ಯ ಇಂಧನ ಅದೇ. ಇಂಧನ ಸಾಲದಿದ್ದರೆ ತಿಂದ ಪ್ರೋಟೀನನ್ನೂ ದೇಹ ಸೌದೆಯಂತೆ ಉರಿಸಿಬಿಡುತ್ತದೆ.

ಬೆಳಿಗ್ಗೆ ಜಿಮ್ಮಿಗೆ ಹೋಗುವವರು ಒಂದು ಬಾಳೆಹಣ್ಣು ತಿಂದು, ನೀರು ಕುಡಿದು ಹೊರಡಲಿ. ಬಂದ ಮೇಲೆ ತಿಂಡಿಯನ್ನು ಬಿಡದೆ ತಿನ್ನಲಿ. ಸಂಜೆ ಹೋಗುವವರು ಮಧ್ಯಾಹ್ನದ ಊಟವಾಗಿ ಎರಡು ಮೂರು ಗಂಟೆ ಕಳೆದ ಮೇಲೆ ಹೋಗಲಿ, ಮನೆಗೆ ಬಂದು ರಾತ್ರಿಯ ಊಟ ಮಾಡಲಿ. ಇದಕ್ಕೆ ಬೇರೆ ಅಡುಗೆ ಬೇಕಿಲ್ಲ.

ಭಯ ಯಾವುದಕ್ಕೆ ಇರಬೇಕು?

ಭಾರ ಎತ್ತಿದರೆ ಮಕ್ಕಳು ಕುಳ್ಳರಾಗುತ್ತಾರೆ ಎಂಬ ಹೆದರಿಕೆಗೆ ಆಧಾರವಿಲ್ಲ. 5ರಿಂದ 17 ವಯಸ್ಸಿನವರು ವಾರಕ್ಕೆ ಕನಿಷ್ಠ ಮೂರು ದಿನ ಸ್ನಾಯು, ಮೂಳೆಗಳನ್ನು ಬಲಪಡಿಸುವ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ 2020ರಲ್ಲಿ ಹೇಳಿದೆ. ಇದು ಹೆಣ್ಣುಮಕ್ಕಳಿಗೂ ಅನ್ವಯಿಸುತ್ತದೆ. ಆದರೆ ಆರಂಭ ದಂಡ, ಬಸ್ಕಿಗಳಿಂದ ಆಗಲಿ. ಭಾರ ಹಿಡಿಯುವಾಗ ಬಲ್ಲವರೊಬ್ಬರು ಪಕ್ಕದಲ್ಲಿರಲಿ. ಗೆಳೆಯನಿಗಿಂತ ಹೆಚ್ಚು ಎತ್ತುವ ಪಂದ್ಯ ಖಂಡಿತ ಬೇಡ.

ಒಂದು ಸಾವಿನಿಂದ ವ್ಯಾಯಾಮವೇ ಹೃದಯಕ್ಕೆ ಶತ್ರು ಎಂದು ತೀರ್ಮಾನಿಸುವುದೂ ಸರಿಯಲ್ಲ. ಕ್ರಮಬದ್ಧ ವ್ಯಾಯಾಮ ಹೃದಯವನ್ನು ಕಾಪಾಡುತ್ತದೆ. ಆದರೆ ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೃದ್ರೋಗ ಬಂದವರಿದ್ದರೆ, ಅಥವಾ ವ್ಯಾಯಾಮದ ನಡುವೆ ಎದೆನೋವು, ತಲೆಸುತ್ತು ಕಾಣಿಸಿದರೆ ವೈದ್ಯರನ್ನು ಕಾಣದೆ ಮುಂದುವರಿಯಬಾರದು. ಮಿತಿಮೀರಿ ಶ್ರಮಪಟ್ಟ ಮೇಲೆ ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದರೆ ಅದು ಸ್ನಾಯು ಒಡೆದು ಮೂತ್ರಪಿಂಡಕ್ಕೆ ಹೊರೆಯಾಗಿರುವ ಸೂಚನೆ. ಆಗ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ನಿಜವಾಗಿ ಹೆದರಬೇಕಾದದ್ದು ಸ್ಟೆರಾಯ್ಡ್ ಎಂಬ ಚುಚ್ಚುಮದ್ದು, ಮಾತ್ರೆಗಳಿಗೆ. ಹೊರಗಿನಿಂದ ಪುರುಷ ಹಾರ್ಮೋನು ಬಂದೊಡನೆ ದೇಹ ತಾನು ತಯಾರಿಸುವುದನ್ನು ನಿಲ್ಲಿಸುತ್ತದೆ. ಹೃದಯಕ್ಕೂ ಯಕೃತ್ತಿಗೂ ಹಾನಿಯಾಗುತ್ತದೆ. ಬೆಳೆಯುವ ವಯಸ್ಸಿನಲ್ಲಿ ಮೂಳೆಯ ತುದಿಯ ಬೆಳವಣಿಗೆ ಅವಧಿಗೆ ಮೊದಲೇ ಮುಗಿದು, ಎತ್ತರ ಅಲ್ಲಿಗೇ ನಿಂತುಬಿಡಬಹುದು. ‘ಬೇಗ ಮೈ ಬರುತ್ತೆ, ಮನೆಯಲ್ಲಿ ಹೇಳಬೇಡ’ ಎಂದು ಯಾರಾದರೂ ಕೈಗೆ ಏನನ್ನಾದರೂ ಇತ್ತರೆ, ಅದನ್ನು ಮೊದಲು ಹೇಳಬೇಕಾದದ್ದು ಮನೆಯಲ್ಲೇ. ಹಾಗೆ ಹೇಳುವ ಧೈರ್ಯ ಮಗನಿಗೆ ಬರುವಂತೆ ಮನೆಯ ವಾತಾವರಣವೂ ಇರಬೇಕು. ಜಿಮ್ಮಿನ ಮಾತೆತ್ತಿದರೇ ಗದರುವ ಮನೆಯಲ್ಲಿ ಈ ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ.

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ವ್ಯಾಯಾಮ ಮಾಡುವವನಿಗೂ ಸಲ್ಲುತ್ತದೆ. ಮಗ ವಾರಕ್ಕೆ ಮೂರು ದಿನ ತಪ್ಪದೆ ಭಾರ ಎತ್ತಲಿ, ಹೊತ್ತಿಗೆ ಸರಿಯಾಗಿ ಮಲಗಲಿ. ಡಬ್ಬಿಗೆಂದು ತೆಗೆದಿಟ್ಟ ಹಣದಲ್ಲಿ ಅಪ್ಪ ಕಾಳು, ಹಾಲು, ಮೊಟ್ಟೆ, ಹಣ್ಣು ತರಲಿ. ಅಮ್ಮನ ಸಾರಿನಲ್ಲಿ ಒಂದು ಹಿಡಿ ಕಾಳು ಹೆಚ್ಚಾಗಿ ಬೀಳಲಿ. ಆಮೇಲೆ ಆರು ತಿಂಗಳು ತಾಳ್ಮೆಯಿಂದ ಕಾಯಲಿ.