ವಿದ್ಯಾರ್ಥಿ ತಂಡ ಮತ್ತು ಹೊರಗಿನ ಗ್ರಾಹಕ: ತಂತ್ರಾಂಶ ಯೋಜನೆಗಳು ಕಲಿಸುವ ಪಾಠಗಳು

ಪೀಠಿಕೆ

ತಂತ್ರಾಂಶ ನಿರ್ಮಾಣವನ್ನು ಎಂಜಿನಿಯರಿಂಗ್ ಶಾಸ್ತ್ರವೆಂದು ಪರಿಗಣಿಸುವ ಚಿಂತನೆಗೆ ವ್ಯಾಪಕ ಮನ್ನಣೆ ದೊರೆತದ್ದು 1968ರಲ್ಲಿ ಜರ್ಮನಿಯ ಗಾರ್ಮಿಶ್ ಪಟ್ಟಣದಲ್ಲಿ ನಡೆದ ನೇಟೋ ಸಮ್ಮೇಳನದಿಂದ. ಅಂದಿನಿಂದಲೂ ಈ ಶಾಸ್ತ್ರದ ಬೋಧಕರನ್ನು ಒಂದು ಪ್ರಶ್ನೆ ಕಾಡುತ್ತ ಬಂದಿದೆ. ಪ್ರೋಗ್ರಾಂ ಬರೆಯುವುದನ್ನು ತರಗತಿಯಲ್ಲಿ ಕಲಿಸಬಹುದು. ಆದರೆ ಮತ್ತೊಬ್ಬರ ಉಪಯೋಗಕ್ಕಾಗಿ, ಹಲವರು ಕೂಡಿ, ಗೊತ್ತಾದ ಅವಧಿಯಲ್ಲಿ ತಂತ್ರಾಂಶವನ್ನು ಕಟ್ಟಿಕೊಡುವುದನ್ನು ಕಲಿಸುವುದು ಹೇಗೆ? ತರಗತಿಯ ಅಭ್ಯಾಸದಲ್ಲಿ ಸಮಸ್ಯೆಯನ್ನು ಅಧ್ಯಾಪಕರೇ ಸ್ಪಷ್ಟವಾಗಿ ನಿರೂಪಿಸಿರುತ್ತಾರೆ. ಉತ್ತರವೂ ಅವರಿಗೆ ತಿಳಿದಿರುತ್ತದೆ. ಹೊರಗಿನ ಗ್ರಾಹಕನಿಗಾದರೋ ತನ್ನ ತೊಂದರೆ ಏನೆಂಬುದು ಗೊತ್ತಿರುತ್ತದೆಯೇ ಹೊರತು ಅದನ್ನು ನೀಗಿಸುವ ತಂತ್ರಾಂಶದ ಸ್ವರೂಪ ಗೊತ್ತಿರುವುದಿಲ್ಲ.

ಈ ಕೊರತೆಯನ್ನು ತುಂಬಲು ಅಮೆರಿಕದ ಕೆಲವು ವಿದ್ಯಾಸಂಸ್ಥೆಗಳು ವಿದ್ಯಾರ್ಥಿ ತಂಡಗಳಿಗೆ ನಿಜವಾದ ಗ್ರಾಹಕರನ್ನೇ ಒದಗಿಸಿದವು. ಕ್ಯಾಲಿಫೋರ್ನಿಯಾದ ಹಾರ್ವಿ ಮಡ್ ಕಾಲೇಜಿನಲ್ಲಿ 1963ರಲ್ಲಿ ಆರಂಭವಾದ ‘ಕ್ಲಿನಿಕ್’ ಕಾರ್ಯಕ್ರಮ ಇವುಗಳಲ್ಲಿ ಪ್ರಸಿದ್ಧವಾದುದು. ವೈದ್ಯ ವಿದ್ಯಾರ್ಥಿ ರೋಗಿಯ ಬಳಿ ನಿಂತು ಕಲಿಯುವಂತೆ ಎಂಜಿನಿಯರಿಂಗ್ ವಿದ್ಯಾರ್ಥಿ ಉದ್ಯಮದ ಸಮಸ್ಯೆಯ ಎದುರು ನಿಂತು ಕಲಿಯಬೇಕೆಂಬುದು ಆ ಹೆಸರಿನ ಇಂಗಿತ. ಉದ್ಯಮ ಸಂಸ್ಥೆಯು ಶುಲ್ಕ ತೆತ್ತು ತನ್ನ ಸಮಸ್ಯೆಯನ್ನು ಒಪ್ಪಿಸುತ್ತದೆ ಮತ್ತು ತಂಡದೊಡನೆ ವ್ಯವಹರಿಸಲು ಒಬ್ಬ ಪ್ರತಿನಿಧಿಯನ್ನು ನಿಯೋಜಿಸುತ್ತದೆ. ಇಂತಹ ಯೋಜನೆಗಳ ಅನುಭವದಲ್ಲಿ ಪ್ರೋಗ್ರಾಂ ಬರೆಯುವ ಕೌಶಲಕ್ಕಿಂತ ಪರಸ್ಪರ ಅರಿವೇ ಹೇಗೆ ನಿರ್ಣಾಯಕವಾಯಿತು ಎಂಬುದನ್ನು, ಚೆನ್ನಾಗಿ ದಾಖಲೆಗೊಂಡಿರುವ ಒಂದು ನಿದರ್ಶನದ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಒಂದು ನಿದರ್ಶನ

ಬ್ಯಾರಿ ಬೋಮ್ ಅವರು ಟಿಆರ್‌ಡಬ್ಲ್ಯು ಎಂಬ ಉದ್ಯಮ ಸಂಸ್ಥೆಯಲ್ಲಿ ದೀರ್ಘಕಾಲ ದುಡಿದು, 1992ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವನ್ನು ಸೇರಿದರು. ಅವರು ರೂಪಿಸಿದ ಎರಡು ಸೆಮಿಸ್ಟರುಗಳ ಪಠ್ಯದಲ್ಲಿ, 1996-97ರ ಸಾಲಿನಲ್ಲಿ 15 ವಿದ್ಯಾರ್ಥಿ ತಂಡಗಳು ಕೆಲಸ ಮಾಡಿದವು. ಅವುಗಳ ಗ್ರಾಹಕರು ಅದೇ ವಿಶ್ವವಿದ್ಯಾಲಯದ ಗ್ರಂಥಪಾಲಕರು. ಅದರ ವಿವರಗಳು 1998ರ ಜುಲೈ ತಿಂಗಳ ‘ಐಇಇಇ ಕಂಪ್ಯೂಟರ್’ ಪತ್ರಿಕೆಯಲ್ಲಿ ಪ್ರಕಟವಾಗಿವೆ.

ಗ್ರಂಥಪಾಲಕರು ಕೊಟ್ಟ ಸಮಸ್ಯೆಗಳು ಕೆಲವೇ ವಾಕ್ಯಗಳಷ್ಟಿದ್ದವು. ಒಬ್ಬರಿಗೆ ಸಂಗ್ರಹದಲ್ಲಿದ್ದ ಛಾಯಾಚಿತ್ರಗಳನ್ನು ಓದುಗರಿಗೆ ಸುಲಭವಾಗಿ ಒದಗಿಸಬೇಕಿತ್ತು. ಮತ್ತೊಬ್ಬರಿಗೆ ಸರ್ಕಾರದ ಜಾಲತಾಣದಿಂದ ಬರಿಯ ಅಕ್ಷರ ಕಡತಗಳಾಗಿ ದೊರೆಯುತ್ತಿದ್ದ ಕಂಪನಿಗಳ ಲೆಕ್ಕಪತ್ರಗಳ ಕೋಷ್ಟಕಗಳನ್ನು ಓದಲು ಬರುವಂತೆ ಮಾಡಬೇಕಿತ್ತು. ಮೂರನೆಯವರಿಗೆ ಮಧ್ಯಯುಗದ ಹಸ್ತಪ್ರತಿಗಳನ್ನು, ಸಂಶೋಧಕರು ಪಠ್ಯವನ್ನು ಓದುವುದರ ಜೊತೆಗೆ ಲಿಪಿಕಾರನ ಕೈಬರಹವನ್ನೂ ವಿಶೇಷ ಗುರುತುಗಳನ್ನೂ ಅಭ್ಯಸಿಸುವಂತೆ, ಗಣಕಕ್ಕೆ ಅಳವಡಿಸಬೇಕಿತ್ತು. ಈ ಕೊನೆಯ ಬೇಡಿಕೆಯಲ್ಲಿ ಅಡಗಿರುವ ಪ್ರಶ್ನೆಗಳೆಷ್ಟು! ಚಿತ್ರದ ಸೂಕ್ಷ್ಮತೆ ಎಷ್ಟಿರಬೇಕು, ಹುಡುಕುವುದು ಯಾವ ಆಧಾರದಿಂದ, ಜೀರ್ಣವಾದ ಹಾಳೆಯನ್ನು ಮುಟ್ಟುವವರು ಯಾರು—ಇವೊಂದೂ ಬೇಡಿಕೆಯ ವಾಕ್ಯದಲ್ಲಿಲ್ಲ.

ಹೇಳದೆ ಉಳಿದ ಅಗತ್ಯಗಳು

ಬೋಮ್ 1988ರಲ್ಲಿ ಪ್ರಕಟಿಸಿದ್ದ ‘ಸುರುಳಿ ಮಾದರಿ’ಯ ಪ್ರಕಾರ ತಂತ್ರಾಂಶವು ಒಂದೇ ಓಟದಲ್ಲಿ ಸಿದ್ಧವಾಗುವುದಿಲ್ಲ. ಗುರಿಯನ್ನು ನಿಗದಿಪಡಿಸುವುದು, ಪರ್ಯಾಯಗಳನ್ನು ತೂಗುವುದು, ಅಪಾಯಗಳನ್ನು ಗುರುತಿಸುವುದು, ಸ್ವಲ್ಪ ಕಟ್ಟಿ ನೋಡುವುದು—ಈ ಆವರ್ತನ ಮತ್ತೆ ಮತ್ತೆ ನಡೆಯುತ್ತದೆ. ವಿದ್ಯಾರ್ಥಿ ಯೋಜನೆಗಳಲ್ಲಿ ಬಳಸಿದ ‘ವಿನ್-ವಿನ್’ ರೂಪದಲ್ಲಿ ಪ್ರತಿ ಸುತ್ತಿನ ಆರಂಭಕ್ಕೆ ಮತ್ತೊಂದು ಹೆಜ್ಜೆ ಸೇರಿತು: ಸಂಬಂಧಪಟ್ಟವರು ಯಾರು, ಅವರವರು ಯಾವುದನ್ನು ತಮ್ಮ ಗೆಲುವೆಂದು ಬಗೆಯುತ್ತಾರೆ ಎಂಬುದನ್ನು ಬರೆದಿಟ್ಟು, ಭಿನ್ನತೆಗಳನ್ನು ಮಾತುಕತೆಯಿಂದ ಬಗೆಹರಿಸಿಕೊಳ್ಳುವುದು.

ಇದರ ಜೊತೆಗೆ ಸಣ್ಣ ಪ್ರಾಯೋಗಿಕ ಮಾದರಿಗಳನ್ನು ಬೇಗನೆ ಮಾಡಿ ತೋರಿಸುವುದು ಬಹಳ ಉಪಯುಕ್ತವಾಯಿತು. ಪರದೆಯ ಮೇಲೆ ಏನಾದರೊಂದು ಕಂಡಾಗ ಮಾತ್ರ ಗ್ರಾಹಕನಿಗೆ ‘ಇದಲ್ಲ, ಅದು’ ಎನ್ನಲು ಸಾಧ್ಯವಾಗುತ್ತದೆ. ಆದರೆ ಗ್ರಾಹಕನ ಅಪೇಕ್ಷೆ ಹಿಗ್ಗುವುದೂ ಅಲ್ಲಿಯೇ. ಆದ್ದರಿಂದ ಈ ಯೋಜನೆಗಳ ಅನುಭವದಿಂದ ಒಂದು ಪಟ್ಟಿ ರೂಪುಗೊಂಡಿತು: ಯಾವ ಬೇಡಿಕೆಗಳು ಕೆಲಸವನ್ನು ಹಗುರಗೊಳಿಸುತ್ತವೆ, ಯಾವುವು ಜಟಿಲಗೊಳಿಸುತ್ತವೆ ಎಂಬುದರ ಪಟ್ಟಿ. ಸಹಜ ಭಾಷೆಯ ಸಂಸ್ಕರಣೆ, ಸ್ವಯಂಚಾಲಿತ ಸೂಚೀಕರಣ, ಬೃಹತ್ ಸಂಗ್ರಹಗಳ ಅಥವಾ ನಾಜೂಕಾದ ವಸ್ತುಗಳ ಅಂಕೀಕರಣ—ಇವೆಲ್ಲ ಜಟಿಲತೆಯ ಕಡೆ ನಿಂತವು. ಗ್ರಂಥಪಾಲಕನಿಗೆ ಸರಳವೆಂದು ತೋರುವುದು ತಂತ್ರಾಂಶದಲ್ಲಿ ದುಸ್ಸಾಧ್ಯವಾಗಿರಬಹುದು. ತಂತ್ರಜ್ಞನಿಗೆ ಕ್ಷುಲ್ಲಕವೆಂದು ತೋರುವುದು ಗ್ರಂಥಾಲಯದಲ್ಲಿ ಪ್ರಾಣಪ್ರಾಯವಾಗಿರಬಹುದು. ಪಟ್ಟಿಯು ಇಬ್ಬರಿಗೂ ಸಮಾನ ಭಾಷೆಯಾಯಿತು.

ಅವಧಿ ಮತ್ತು ವ್ಯಾಪ್ತಿ

ಉದ್ಯಮದ ಯೋಜನೆ ತಡವಾಗಬಹುದು. ವಿದ್ಯಾರ್ಥಿ ಯೋಜನೆ ತಡವಾಗಲಾರದು. ಸೆಮಿಸ್ಟರ್ ಮುಗಿದ ದಿನ ತಂಡವೇ ಇರುವುದಿಲ್ಲ. ತಡವಾದ ಯೋಜನೆಗೆ ಹೊಸಬರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆಂದು ಫ್ರೆಡ್ ಬ್ರೂಕ್ಸ್ 1975ರಲ್ಲಿಯೇ ತೋರಿಸಿದ್ದಾರೆ. ಕಾಲ ಮತ್ತು ಜನಬಲ ಎರಡೂ ಸ್ಥಿರವಾದ ಮೇಲೆ ಬದಲಾಗಬಲ್ಲದ್ದು ಕೆಲಸದ ವ್ಯಾಪ್ತಿಯೊಂದೇ.

ಆದುದರಿಂದ ಬೋಮ್ ಮತ್ತು ಅವರ ಸಹೋದ್ಯೋಗಿಗಳು ಅವಧಿಯನ್ನು ಸ್ಥಿರವಾಗಿಟ್ಟು ಸೌಲಭ್ಯಗಳನ್ನು ಹೊಂದಿಸುವ ವಿಧಾನವನ್ನು ಪ್ರತಿಪಾದಿಸಿದರು. ಗ್ರಾಹಕನು ತನ್ನ ಬೇಡಿಕೆಗಳಿಗೆ ಆದ್ಯತೆಯ ಕ್ರಮವನ್ನು ಕೊಡಬೇಕು. ತಂಡವು ಮೊದಲು ತಿರುಳಾದ ಭಾಗವನ್ನು ಮುಗಿಸಿ, ಕಾಲ ಉಳಿದಂತೆ ಮಿಕ್ಕವನ್ನು ಸೇರಿಸಬೇಕು. ಇದಕ್ಕೆ ಒಂದು ಪೂರ್ವಾಪೇಕ್ಷೆಯಿದೆ: ಒಂದು ಸೌಲಭ್ಯವನ್ನು ಕೈಬಿಟ್ಟರೂ ಉಳಿದದ್ದು ನಿಲ್ಲುವಂತೆ ಇಡೀ ವಿನ್ಯಾಸವನ್ನು ಆರಂಭದಲ್ಲಿಯೇ ರೂಪಿಸಿರಬೇಕು. ‘ಇಲ್ಲ’ ಎಂಬ ಮಾತನ್ನು ಮೊದಲ ತಿಂಗಳಲ್ಲಿ ಹೇಳಿದರೆ ಅದು ಒಪ್ಪಂದ. ಕೊನೆಯ ವಾರದಲ್ಲಿ ಹೇಳಿದರೆ ಅದು ವಚನಭಂಗ.

ಗ್ರಾಹಕನ ಪ್ರತಿನಿಧಿ

ಯೋಜನೆ ಸೋತಾಗ ತಪ್ಪನ್ನು ವಿದ್ಯಾರ್ಥಿಗಳ ಅನನುಭವದಲ್ಲಿ ಹುಡುಕುವುದು ವಾಡಿಕೆ. ಗ್ರಾಹಕನ ಪಾತ್ರವೂ ಅಷ್ಟೇ ಮುಖ್ಯವಾದುದು. ಬೋಮ್ ಮತ್ತು ರಿಚರ್ಡ್ ಟರ್ನರ್ ತಮ್ಮ 2003ರ ಗ್ರಂಥದಲ್ಲಿ ಗ್ರಾಹಕ ಪ್ರತಿನಿಧಿಗೆ ಐದು ಗುಣಗಳು ಬೇಕೆಂದು ಹೇಳುತ್ತಾರೆ: ಸಹಕಾರ ಬುದ್ಧಿ, ನಿಜವಾದ ಬಳಕೆದಾರರ ಪ್ರಾತಿನಿಧ್ಯ, ನಿರ್ಣಯದ ಅಧಿಕಾರ, ಬದ್ಧತೆ ಮತ್ತು ವಿಷಯಜ್ಞಾನ. ಒಂದು ಗುಣ ಕೊರತೆಯಾದರೂ ಯೋಜನೆ ಕುಂಟುತ್ತದೆ. ವಿಷಯ ಬಲ್ಲ ಗುಮಾಸ್ತನಿಗೆ ಅಧಿಕಾರವಿಲ್ಲದಿದ್ದರೆ ಅವನ ಒಪ್ಪಿಗೆಯನ್ನು ಮೇಲಧಿಕಾರಿ ಕೊನೆಯಲ್ಲಿ ತಳ್ಳಿಹಾಕುತ್ತಾನೆ. ಅಧಿಕಾರವಿರುವ ಮೇಲಧಿಕಾರಿಗೆ ದಿನನಿತ್ಯದ ಕೆಲಸ ತಿಳಿಯದಿದ್ದರೆ, ಯಾರೂ ಬಳಸದ ತಂತ್ರಾಂಶಕ್ಕೆ ಅವನು ಸಂತೋಷದಿಂದ ಸಹಿ ಹಾಕುತ್ತಾನೆ.

ಹಸ್ತಾಂತರದ ನಂತರ

ವಿದ್ಯಾರ್ಥಿಗೆ ಯೋಜನೆಯ ಕೊನೆ ಅಂಕಪಟ್ಟಿ. ಗ್ರಾಹಕನಿಗೆ ಅದು ಆರಂಭ. ಲಿಂಟ್ಸ್ ಮತ್ತು ಸ್ವಾನ್‌ಸನ್ 1980ರಲ್ಲಿ ಪ್ರಕಟಿಸಿದ 487 ಸಂಸ್ಥೆಗಳ ಸಮೀಕ್ಷೆಯು, ಗಣಕ ವಿಭಾಗಗಳ ಶ್ರಮದ ಸುಮಾರು ಅರ್ಧದಷ್ಟು ಇರುವ ತಂತ್ರಾಂಶಗಳ ನಿರ್ವಹಣೆಗೇ ವ್ಯಯವಾಗುತ್ತಿದ್ದುದನ್ನು ತೋರಿಸಿತು. ತಂಡ ಚದುರಿದ ಮೇಲೆ ಈ ಹೊರೆ ಹೊರುವವರಾರು? ಮೂಲ ಪ್ರೋಗ್ರಾಂ ಯಾರ ಬಳಿಯಿದೆ, ಗುಪ್ತಪದಗಳು ಯಾರಿಗೆ ಗೊತ್ತು, ದತ್ತಾಂಶವನ್ನು ಹೊರತೆಗೆಯುವ ದಾರಿ ಯಾವುದು ಎಂಬುದಕ್ಕೆ ಲಿಖಿತ ಉತ್ತರವಿಲ್ಲದಿದ್ದರೆ, ಒಳ್ಳೆಯ ತಂತ್ರಾಂಶವೂ ಮುಂದೊಂದು ದಿನ ಬೀಗದ ಕೈ ಕಳೆದ ಪೆಟ್ಟಿಗೆಯಾಗುತ್ತದೆ.

ಒಡೆತನದ ಪ್ರಶ್ನೆಯೂ ಇಲ್ಲಿ ಸೇರುತ್ತದೆ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯು ಕಂಪ್ಯೂಟರ್ ಪ್ರೋಗ್ರಾಂ ಅನ್ನು ಸಾಹಿತ್ಯ ಕೃತಿಯ ವರ್ಗದಲ್ಲಿ ಸೇರಿಸಿದೆ. ಉದ್ಯೋಗಿಯು ಉದ್ಯೋಗದ ಅಂಗವಾಗಿ ರಚಿಸಿದ ಕೃತಿಯ ಮೊದಲ ಒಡೆತನ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಉದ್ಯೋಗದಾತನದೆಂದು ಅದರ 17ನೆಯ ಕಲಂ ಹೇಳುತ್ತದೆ. ವಿದ್ಯಾರ್ಥಿಯು ಸಾಮಾನ್ಯವಾಗಿ ಗ್ರಾಹಕ ಸಂಸ್ಥೆಯ ಉದ್ಯೋಗಿಯಲ್ಲ. ಆದ್ದರಿಂದ ಹಕ್ಕುಗಳ ವರ್ಗಾವಣೆಯನ್ನು ಬರಹದಲ್ಲಿ ಗೊತ್ತುಪಡಿಸಿಕೊಳ್ಳದ ಸಂಸ್ಥೆಯು, ತನ್ನದೆಂದು ನಂಬಿದ ತಂತ್ರಾಂಶವನ್ನು ತಿದ್ದುವ ಹಕ್ಕಿನ ಬಗ್ಗೆಯೇ ವಿವಾದಕ್ಕೆ ಸಿಲುಕಬಹುದು.

ನಮ್ಮ ಸಂದರ್ಭ

ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಅಂತಿಮ ವರ್ಷದ ಯೋಜನೆ ಪಠ್ಯಕ್ರಮದ ಅಂಗವಾಗಿದೆ. ನಮ್ಮ ಗ್ರಂಥಾಲಯಗಳಲ್ಲಿಯೂ ಹಸ್ತಪ್ರತಿ ಭಂಡಾರಗಳಲ್ಲಿಯೂ ಇಂತಹ ತಂಡಗಳಿಗೆ ಯೋಗ್ಯವಾದ ಕೆಲಸ ಹೇರಳವಾಗಿದೆ. ಒಂದು ಸಣ್ಣ ಉದಾಹರಣೆ ಸಾಕು. ಗ್ರಂಥಸೂಚಿಯನ್ನು ಅಕಾರಾದಿಯಾಗಿ ಜೋಡಿಸಬೇಕೆಂದು ಗ್ರಂಥಪಾಲಕರು ಹೇಳುತ್ತಾರೆ. ಅದಕ್ಕಿಂತ ಸ್ಪಷ್ಟವಾದ ಬೇಡಿಕೆ ಇರಲಾರದೆಂಬುದು ಅವರ ಭಾವನೆ. ವಿದ್ಯಾರ್ಥಿಯು ಯೂನಿಕೋಡ್ ಸಂಕೇತಗಳ ಅಂಕಿಗಳನ್ನೇ ಹೋಲಿಸಿ ಜೋಡಿಸುತ್ತಾನೆ. ಯೂನಿಕೋಡ್ ಕ್ರಮದಲ್ಲಿ ‘ಳ’ಕಾರವು ‘ಲ’ಕಾರದ ಮುಂದೆ, ‘ವ’ಕಾರಕ್ಕಿಂತ ಮೊದಲು ಬರುತ್ತದೆ, ನಮ್ಮ ವರ್ಣಮಾಲೆಯಲ್ಲಿ ಅದು ಕೊನೆಯ ಅಕ್ಷರ. ಫಲವಾಗಿ ‘ಕವಿ’ಗಿಂತ ಮೊದಲೇ ‘ಕಳಶ’ ಬಂದು ಕೂರುತ್ತದೆ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ, ಯಾರೂ ಸೋಮಾರಿಯಾಗಿರಲಿಲ್ಲ. ಕನ್ನಡ ಬಲ್ಲವನು ಹೇಳುವ ಅಗತ್ಯವಿಲ್ಲವೆಂದುಕೊಂಡನು. ಗಣಕ ಬಲ್ಲವನು ಕೇಳುವ ಅಗತ್ಯವಿಲ್ಲವೆಂದುಕೊಂಡನು. ಹತ್ತು ಪುಸ್ತಕಗಳ ಹೆಸರನ್ನು ಹಾಕಿ ಮೊದಲ ತಿಂಗಳಲ್ಲಿಯೇ ತೋರಿಸಿದ್ದರೆ ದೋಷ ಅಂದೇ ಕಾಣುತ್ತಿತ್ತು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಹೊರಡುವ ಸಾರ ಇಷ್ಟು. ಹೊರಗಿನ ಗ್ರಾಹಕನಿಗಾಗಿ ವಿದ್ಯಾರ್ಥಿ ತಂಡ ಕೈಗೊಳ್ಳುವ ಯೋಜನೆಯು ಎರಡು ತಿಳಿವುಗಳ ಸಮಾಗಮ. ಅದರ ಯಶಸ್ಸನ್ನು ಅಂತಿಮ ಪ್ರದರ್ಶನದ ದಿನದಂದು ಅಳೆಯುವುದು ಸಾಲದು. ತಂಡವು ಹೊರಟುಹೋದ ಮರುವರ್ಷವೂ ಆ ತಂತ್ರಾಂಶ ಬಳಕೆಯಲ್ಲಿದೆಯೇ ಎಂದು ನೋಡಬೇಕು. ಹಾಗೆ ಅದು ಉಳಿಯುವುದು ಹೇಳದಿದ್ದುದನ್ನು ಕೇಳುವ ವಿದ್ಯಾರ್ಥಿಯಿಂದ, ಕೇಳದಿದ್ದರೂ ಹೇಳುವ ಗ್ರಾಹಕನಿಂದ, ಇಬ್ಬರನ್ನೂ ಮೊದಲ ವಾರದಲ್ಲಿಯೇ ಒಂದೇ ಮೇಜಿನ ಮುಂದೆ ಕೂರಿಸುವ ಅಧ್ಯಾಪಕರಿಂದ.