ಪೆಟ್ರೋಲ್–ವಿದ್ಯುತ್ ಹೈಬ್ರಿಡ್ ಕಾರು: ಆಕರ್ಷಣೆ ಮತ್ತು ಪ್ರಯೋಜನ

ಬೆಂಗಳೂರಿಗೆ ಸಮೀಪದ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2013ರಲ್ಲಿ ಕ್ಯಾಮ್ರಿ ಹೈಬ್ರಿಡ್ ಕಾರಿನ ಜೋಡಣೆ ಆರಂಭವಾಯಿತು. 2022ರಲ್ಲಿ ಅಲ್ಲಿಂದಲೇ ಹೈರೈಡರ್ ಹೊರಬಂದಿತು. ಪೆಟ್ರೋಲ್ ಎಂಜಿನ್ನಿನೊಡನೆ ವಿದ್ಯುತ್ ಮೋಟಾರನ್ನೂ ಹೊಂದಿರುವುದು ಇಂತಹ ಕಾರುಗಳ ವೈಶಿಷ್ಟ್ಯ. ನಿಂತಲ್ಲಿಂದಲೇ ಬಲವಾಗಿ ಎಳೆಯಬಲ್ಲ ಮೋಟಾರಿನ ನೆರವಿನಿಂದ ಕಾರು ಚುರುಕಾಗಿ ಮುನ್ನುಗ್ಗುತ್ತದೆ. ಯುವಜನರು ಇದಕ್ಕೆ ಮಾರುಹೋಗುವುದು ಸಹಜ.

ಆದರೆ ಹೆಚ್ಚಿನ ಲಾಭ ದೊರೆಯುವುದು ನಿಧಾನಗತಿಯಲ್ಲಿ. ಕಲ್ಯಾಣ, ಡೊಂಬಿವಲಿಗಳಿಂದ ನವಿ ಮುಂಬಯಿಗೆ ಹೋಗುವವರು ಶಿಳ್‌ಫಾಟಾದ ವಾಹನದಟ್ಟಣೆಯಲ್ಲಿ ಸಿಲುಕಿದಾಗ, ಎಂಜಿನ್ ತಾನಾಗಿಯೇ ಸ್ಥಗಿತಗೊಂಡು ಪೆಟ್ರೋಲ್ ಉಳಿಯುತ್ತದೆ. ಬ್ರೇಕ್ ಹಾಕಿದಾಗ ವ್ಯರ್ಥವಾಗುತ್ತಿದ್ದ ಶಕ್ತಿಯ ಒಂದಂಶ ಬ್ಯಾಟರಿಗೆ ಮರಳುತ್ತದೆ. ಹೆದ್ದಾರಿಯ ಸಮವೇಗದಲ್ಲಿ ಈ ಉಳಿತಾಯ ಕಡಿಮೆ. ಕಾರಿನ ಬೆಲೆಯೂ ಹೆಚ್ಚು. ಆದುದರಿಂದ ಕೊಳ್ಳುವ ಮುನ್ನ ತಾವು ದಿನವೂ ಸಾಗುವ ಹಾದಿ ಹಾಗೂ ದೂರವನ್ನು ಲೆಕ್ಕಹಾಕಿ ನಿರ್ಧರಿಸುವುದು ಒಳಿತು.