ಹನ್ನೆರಡು ರೂಪಾಯಿಗೆ ಇನ್ನೂರರ ನೋಟು

ಬೆಳಗಿನ ಏಳೂವರೆ. ಮೆಜೆಸ್ಟಿಕ್ ಬಿಟ್ಟ ಬಿಎಂಟಿಸಿ ಬಸ್ಸು ಇನ್ನೂ ಎರಡನೇ ಸ್ಟಾಪ್ ದಾಟಿಲ್ಲ. ಹನ್ನೆರಡು ರೂಪಾಯಿ ಟಿಕೆಟ್‌ಗೆ ಇನ್ನೂರರ ನೋಟು ಚಾಚಿದ ಕೈಯೊಂದು ಕಂಡಕ್ಟರ್ ಮುಖದ ಮುಂದೆ ಬರುತ್ತದೆ.

"ಚಿಲ್ಲರೆ ಕೊಡಿ ಸಾರ್."

"ಇಲ್ಲಾರೀ, ಇದ್ದಿದ್ರೆ ಕೊಡ್ತಿರಲಿಲ್ವಾ?"

"ಬೆಳಗ್ಗೆ ಬೆಳಗ್ಗೇನೇ ಎಲ್ಲರೂ ಇನ್ನೂರು, ಐನೂರು ಕೊಟ್ರೆ ನಾನೆಲ್ಲಿಂದ ತರ್ಲಿ?"

"ಅದು ನಿಮ್ಮ ಕೆಲಸ."

ಬೀದರ್‌ನಿಂದ ಚಾಮರಾಜನಗರದವರೆಗೆ ಕನ್ನಡದ ಧಾಟಿ ಬದಲಾದರೂ ಬಸ್ಸಿನೊಳಗಿನ ಈ ಮಾತು ಬದಲಾಗುವುದಿಲ್ಲ. ಹಾಗಾದರೆ ಕಂಡಕ್ಟರ್ ಕೆಲಸ ನಿಜವಾಗಿ ಯಾವುದು? ಬಸ್ಸು ಹತ್ತಿದ ಪ್ರತಿಯೊಬ್ಬರ ಬಳಿಯೂ ಇದಕ್ಕೊಂದು ಉತ್ತರವಿದೆ. ಆ ಎಲ್ಲ ಉತ್ತರಗಳ ನಡುವೆ ದಿನವಿಡೀ ನಿಂತೇ ದುಡಿಯುವವರು ನಿರ್ವಾಹಕರು.

ರಾಜ್ಯದ ನಾಲ್ಕು ಸಾರಿಗೆ ನಿಗಮಗಳ ಬಸ್ಸುಗಳಲ್ಲಿ ಈಗ ದಿನಕ್ಕೆ ಒಂದು ಕೋಟಿಗೂ ಹೆಚ್ಚು ಪ್ರಯಾಣಗಳು ನಡೆಯುತ್ತವೆ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಿಗೂ ಜನರಿಗೂ ನಡುವೆ ಒಂದು ಮೇಜಾದರೂ ಇರುತ್ತದೆ. ಬ್ಯಾಂಕಿನ ಕ್ಯಾಷ್ ಕೌಂಟರ್‌ಗೆ ಗಾಜಿನ ತಡೆ ಇದೆ. ಕಂಡಕ್ಟರ್‌ಗೆ ಇರುವುದು ಹೆಗಲಿಗೆ ನೇತುಬಿದ್ದ ಚೀಲ, ಕೈಯಲ್ಲೊಂದು ಟಿಕೆಟ್ ಮೆಷಿನ್. ಬಸ್ಸು ತಡವಾಗಿ ಬಂತು, ಸೀಟಿಲ್ಲ, ದರ ಏರಿತು, ಕೈ ತೋರಿಸಿದಲ್ಲಿ ನಿಲ್ಲಲಿಲ್ಲ: ಇವುಗಳಲ್ಲಿ ಹೆಚ್ಚಿನವು ಅವರ ತೀರ್ಮಾನಗಳಲ್ಲ. ಆದರೆ ಸಿಟ್ಟು ಬಂದಾಗ ಕೈಗೆ ಸಿಗುವುದು ಅವರೊಬ್ಬರೇ.

ಚಿಲ್ಲರೆಯನ್ನೇ ನೋಡಿ. 2025ರ ಜನವರಿ 5ರಿಂದ ಬಸ್ ದರ ಶೇ 15ರಷ್ಟು ಏರಿತು. ಅದಕ್ಕೆ ಮೊದಲು ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಮೊದಲ ಮೂರು ದರಗಳು 5, 10, 15 ರೂಪಾಯಿ ಇದ್ದವು. ಐದರ ನಾಣ್ಯ, ಹತ್ತರ ನೋಟಿನಲ್ಲಿ ವ್ಯವಹಾರ ಮುಗಿಯುತ್ತಿತ್ತು. ಏರಿದ ಮೇಲೆ ಅವು 6, 12, 18 ಆದವು. ಒಂದು, ಎರಡು ರೂಪಾಯಿಯ ನಾಣ್ಯಗಳಿಲ್ಲದೆ ಈ ಲೆಕ್ಕ ಹರಿಯುವುದಿಲ್ಲ. ಹತ್ತು ರೂಪಾಯಿಯ ನಾಣ್ಯದ ಕಥೆ ಇನ್ನೊಂದು ಬಗೆಯದು. ಆಗ ಚಲಾವಣೆಯಲ್ಲಿದ್ದ 14 ವಿನ್ಯಾಸಗಳ ಹತ್ತರ ನಾಣ್ಯಗಳೂ ನಡೆಯುತ್ತವೆ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಸ್ಪಷ್ಟಪಡಿಸಿದೆ. ಆದರೂ "ಇದು ನಡೆಯಲ್ಲ, ನೋಟೇ ಕೊಡಿ" ಎಂದು ಕೈ ಹಿಂದೆಳೆಯುವವರು ಇದ್ದೇ ಇದ್ದಾರೆ.

ಕೊನೆಗೆ ಉಳಿಯುವುದು ಹಳೆಯ ಉಪಾಯ. ಬಾಕಿಯನ್ನು ಟಿಕೆಟ್ ಹಿಂದೆ ಬರೆದು "ಇಳಿಯುವಾಗ ಇಸ್ಕೊಳ್ಳಿ" ಎನ್ನುವುದು. ಇಳಿಯುವ ಗಡಿಬಿಡಿಯಲ್ಲಿ ಎಷ್ಟೋ ಜನ ಅದನ್ನು ಮರೆಯುತ್ತಾರೆ. ನೆನಪಾಗುವಷ್ಟರಲ್ಲಿ ಬಸ್ಸು ಹೋಗಿರುತ್ತದೆ, ಕಂಡಕ್ಟರ್ ದುಡ್ಡು ಹೊಡೆದರು ಎಂಬ ಗುಮಾನಿ ಮನಸ್ಸಿನಲ್ಲಿ ಕೂತಿರುತ್ತದೆ. ಆದರೆ ಡ್ಯೂಟಿಗೆ ಹೊರಡುವ ಮುಂಚೆಯೇ ನಿರ್ವಾಹಕರು ತಮ್ಮ ಜೇಬಿನಲ್ಲಿರುವ ಸ್ವಂತ ಹಣ ಎಷ್ಟೆಂದು ಬರೆದುಕೊಡಬೇಕು ಎಂಬ ನಿಯಮ ಹೆಚ್ಚಿನ ಪ್ರಯಾಣಿಕರಿಗೆ ಗೊತ್ತಿಲ್ಲ. ನಡುದಾರಿಯಲ್ಲಿ ಚೆಕಿಂಗ್‌ನವರು ಹತ್ತಿ ಎಣಿಸಿದಾಗ ಚೀಲದಲ್ಲಿ ಹಣ ಕಡಿಮೆ ಇದ್ದರೂ ತಪ್ಪು, ಹೆಚ್ಚಿದ್ದರೂ ತಪ್ಪು. ಪ್ರಯಾಣಿಕ ಬಿಟ್ಟುಹೋದ ಎಂಟು ರೂಪಾಯಿಗೂ ವಿವರಣೆ ಕೊಡಬೇಕಾಗುತ್ತದೆ.

ಮೆಷಿನ್‌ನಿಂದ ಟಿಕೆಟ್ ಹರಿದುಕೊಡುವುದಕ್ಕಿಂತ ಕಷ್ಟದ ಕೆಲಸ ನಿಯಮ ವಿವರಿಸುವುದು. ಆರು ವರ್ಷ ದಾಟಿದ ಮಗುವಿಗೆ ಅರ್ಧ ಟಿಕೆಟ್. "ಇನ್ನೂ ಐದು ತುಂಬಿಲ್ಲ" ಎನ್ನುತ್ತಾರೆ ತಾಯಿ. ಮಗು ಮಾತ್ರ ತಾನು ಎರಡನೇ ಕ್ಲಾಸು ಎಂದುಬಿಡುತ್ತದೆ. ದೊಡ್ಡವರೊಬ್ಬರಿಗೆ 30 ಕಿಲೋವರೆಗೆ ಲಗೇಜ್ ಉಚಿತ. ಆದರೆ ತಕ್ಕಡಿಯಿಲ್ಲದ ಬಸ್ಸಿನಲ್ಲಿ ಮೂಟೆಯ ತೂಕ ಎಷ್ಟೆಂಬ ವಾದ ಮುಗಿಯುವುದು ಕಷ್ಟ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ, ಹೆಣ್ಣುಮಕ್ಕಳಿಗೆ ಟಿಕೆಟ್ ಉಚಿತವಾದ್ದರಿಂದ, ಅಜ್ಜಿ, ಮೊಮ್ಮಗಳು ದುಡ್ಡಿಲ್ಲದೆ ಪ್ರಯಾಣಿಸಿದರು. ಅವರ ಜೊತೆಗಿದ್ದ ನಾಲ್ಕು ಲವ್ ಬರ್ಡ್ಸ್‌ಗೆ ಮಾತ್ರ ತಲಾ 111ರಂತೆ 444 ರೂಪಾಯಿಯ ಟಿಕೆಟ್ ಬಂತು. ಟಿಕೆಟ್‌ನ ಫೋಟೊ ಎಲ್ಲೆಡೆ ಹರಿದಾಡಿತು, ನಾಡೆಲ್ಲ ನಕ್ಕಿತು. ಪ್ರಾಣಿ, ಪಕ್ಷಿಗಳಿಗೆ ಟಿಕೆಟ್ ಪಡೆಯಬೇಕೆಂಬುದು ನಿಗಮದ್ದೇ ನಿಯಮ. ಕೊಡದೆ ಬಿಟ್ಟಿದ್ದರೆ, ಮುಂದಿನ ಸ್ಟಾಪ್‌ನಲ್ಲಿ ತನಿಖೆಯವರು ಹತ್ತಿದ್ದರೆ, ಉತ್ತರ ಹೇಳಬೇಕಾಗಿದ್ದವರು ಆ ನಿರ್ವಾಹಕರೇ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಈ ಒತ್ತಡ ಹಲವು ಪಟ್ಟು ಬೆಳೆಯಿತು. ನಿಗಮಗಳ ಬಸ್ಸುಗಳಲ್ಲಿ ಉಚಿತ ಪ್ರಯಾಣದ ಮೂಲಕ ಹೆಣ್ಣುಮಕ್ಕಳ ಓಡಾಟಕ್ಕೆ ದೊಡ್ಡ ಬಲ ಕೊಟ್ಟ ಯೋಜನೆ ಇದು. 2025ರ ಜುಲೈನಲ್ಲಿ ಉಚಿತ ಪ್ರಯಾಣಗಳ ಸಂಖ್ಯೆ 500 ಕೋಟಿ ಮುಟ್ಟಿತು. ಆ ಒಂದೊಂದು ಪ್ರಯಾಣಕ್ಕೂ ಶೂನ್ಯ ಟಿಕೆಟ್ ಹರಿಯಬೇಕು, ಹರಿಯುವ ಮುಂಚೆ ಗುರುತಿನ ಚೀಟಿ ನೋಡಬೇಕು. ಸೌಲಭ್ಯ ಕರ್ನಾಟಕದ ನಿವಾಸಿಗಳಿಗಷ್ಟೇ ಆದ್ದರಿಂದ ಆಧಾರ್‌ನಲ್ಲಿನ ವಿಳಾಸವನ್ನೂ ಓದಬೇಕು. ಹತ್ತು ವರ್ಷದಿಂದ ಬೆಂಗಳೂರಿನಲ್ಲೇ ದುಡಿಯುತ್ತಿದ್ದರೂ ಆಧಾರ್‌ನಲ್ಲಿ ಬೇರೆ ರಾಜ್ಯದ ವಿಳಾಸವಿರುವ ಹೆಣ್ಣುಮಗಳಿಗೆ "ದುಡ್ಡು ಕೊಡ್ಬೇಕಮ್ಮ" ಎನ್ನುವುದು ಯಾರಿಗೂ ಇಷ್ಟದ ಮಾತಲ್ಲ. ಬಿಎಂಟಿಸಿ ಬಿಟ್ಟು ಉಳಿದ ನಿಗಮಗಳ ಬಸ್ಸುಗಳಲ್ಲಿ ಅರ್ಧ ಸೀಟು ಗಂಡಸರಿಗೆ ಮೀಸಲು. ಸಂತೆಯ ದಿನ, ಜಾತ್ರೆಯ ದಿನ ಆ ನಿಯಮ ಜಾರಿ ಮಾಡಹೊರಟರೆ ಏನಾಗುತ್ತದೆಂದು ಆ ದಾರಿಯಲ್ಲಿ ಓಡಾಡುವವರಿಗೆಲ್ಲ ಗೊತ್ತು.

ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲೀ ಹಾಕ್‌ಶೀಲ್ಡ್ 1983ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇಂಥ ದುಡಿಮೆಗೊಂದು ಹೆಸರಿಟ್ಟರು: ಭಾವನೆಯ ದುಡಿಮೆ. ಸಂಬಳಕ್ಕಾಗಿ ಮೈಯನ್ನಷ್ಟೇ ಅಲ್ಲ, ಮುಖಭಾವವನ್ನೂ ದನಿಯನ್ನೂ ದುಡಿಸಬೇಕಾದ ಕೆಲಸ. ಅವರು ಮುಖ್ಯವಾಗಿ ಗಮನಿಸಿದ್ದು ಎರಡು ಬಗೆಯ ದುಡಿಮೆಗಾರರನ್ನು. ಮೊದಲನೆಯವರು ಗಗನಸಖಿಯರು, ಸಿಟ್ಟು ನುಂಗಿ ನಗುವುದು ಅವರ ಕೆಲಸ. ಎರಡನೆಯವರು ಸಾಲ ವಸೂಲಿ ಮಾಡುವವರು. ಕರುಣೆ ಬಂದರೂ ತೋರದೆ ಗದರುವುದು ಅವರ ಕೆಲಸ. ನಮ್ಮ ಕಂಡಕ್ಟರ್ ಇವೆರಡನ್ನೂ ಒಂದೇ ಬಸ್ಸಿನಲ್ಲಿ, ಒಂದೇ ನಿಮಿಷದಲ್ಲಿ ಮಾಡಬೇಕು. ಅಜ್ಜಿಯ ಕೈ ಹಿಡಿದು ಹತ್ತಿಸಬೇಕು, ತಿರುಗಿದೊಡನೆ ಟಿಕೆಟ್ ತಪ್ಪಿಸಿಕೊಂಡವರನ್ನು ಹಿಡಿಯಬೇಕು. "ಒಳಗೆ ಹೋಗ್ರಪ್ಪಾ, ಮಧ್ಯ ಜಾಗ ಇದೆ" ಎಂದು ಕೂಗುವ ಅದೇ ಗಂಟಲಿನಿಂದ, ಹೊಸ ಊರಿನ ಪ್ರಯಾಣಿಕರಿಗೆ ಇಳಿಯುವ ಸ್ಟಾಪ್ ಯಾವುದೆಂದು ಸಮಾಧಾನವಾಗಿ ಹೇಳಬೇಕು. ಈ ಮಾರ್ಪಾಟು ದಿನಕ್ಕೆ ನೂರಾರು ಸಲ. ಮನೆಗೆ ಬಂದ ಮೇಲೆ ಮಾತೇ ಬೇಡ ಎನಿಸುವುದು ಇದರಿಂದಲೇ.

ಜಗಳ ಬಾಯಲ್ಲೇ ಮುಗಿದರೆ ಪುಣ್ಯ. 2024ರ ಅಕ್ಟೋಬರ್ ಮೊದಲ ದಿನ ಬೆಂಗಳೂರಿನ ವೈಟ್‌ಫೀಲ್ಡ್ ಭಾಗದಲ್ಲಿ, ಬಾಗಿಲ ಬಳಿ ನಿಲ್ಲಬೇಡಿ ಎಂದ ಬಿಎಂಟಿಸಿ ನಿರ್ವಾಹಕರಿಗೆ ಪ್ರಯಾಣಿಕನೊಬ್ಬ ಚಾಕುವಿನಿಂದ ಇರಿದ. 2025ರ ಫೆಬ್ರವರಿಯಲ್ಲಿ ಬೆಳಗಾವಿ ತಾಲ್ಲೂಕಿನಲ್ಲಿ ನಿರ್ವಾಹಕರೊಬ್ಬರ ಮೇಲೆ ಹಲ್ಲೆಯಾಯಿತು. ಮರಾಠಿ ಬರುವುದಿಲ್ಲ, ಕನ್ನಡದಲ್ಲಿ ಹೇಳಿ ಎಂದದ್ದೇ ಕಾರಣ ಎಂದು ಅವರು ದೂರಿದರು. ಆ ಘಟನೆ ಗಡಿಯ ಎರಡೂ ಬದಿಗೆ ಹಬ್ಬಿ, ಕರ್ನಾಟಕ ಮತ್ತು ಮಹಾರಾಷ್ಟ್ರದ ನಡುವಿನ ಬಸ್ ಸಂಚಾರವೇ ನಿಂತಿತು.

ಕಾನೂನು ನಿರ್ವಾಹಕರನ್ನು ಕೈಬಿಟ್ಟಿಲ್ಲ. 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ ನಿಗಮದ ನೌಕರರೂ ಸಾರ್ವಜನಿಕ ಸೇವಕರೇ. ಕರ್ತವ್ಯದಲ್ಲಿರುವ ಸಾರ್ವಜನಿಕ ಸೇವಕರನ್ನು ತಡೆಯಲು ಹಲ್ಲೆ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 132ನೇ ಸೆಕ್ಷನ್‌ನಲ್ಲಿ ಎರಡು ವರ್ಷದವರೆಗೆ ಜೈಲು ವಿಧಿಸಬಹುದು. ಗ್ರಾಹಕರು, ಸಾರ್ವಜನಿಕರಂಥ ಹೊರಗಿನವರಿಂದ ನೌಕರರ ಮೇಲಾಗುವ ಹಿಂಸೆ, ಕಿರುಕುಳವೂ ಕೆಲಸದ ಜಾಗದ ಹಿಂಸೆಯೇ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರಲ್ಲಿ ಒಪ್ಪಿಕೊಂಡಿದೆ. ಆದರೆ ದಿನದ ಬೈಗುಳಕ್ಕೆ ಯಾವ ಸೆಕ್ಷನ್ ಹಾಕುವುದು? ದೂರು ಕೊಡಲು ಬಸ್ಸನ್ನು ಠಾಣೆಗೆ ತಿರುಗಿಸಿದರೆ ಉಳಿದ ಐವತ್ತು ಪ್ರಯಾಣಿಕರಿಗೂ ತಡವಾಗುತ್ತದೆ. ಹೆಚ್ಚಿನವರು ನುಂಗಿಕೊಂಡು "ರೈಟ್" ಎನ್ನುತ್ತಾರೆ.

ಪ್ರಯಾಣಿಕರ ಕಷ್ಟವೂ ಸುಳ್ಳಲ್ಲ. ಮುಕ್ಕಾಲು ಗಂಟೆ ಬಿಸಿಲಲ್ಲಿ ಕಾದವರ ಮುಂದೆ ಬಸ್ಸು ನಿಲ್ಲದೆ ಹೋದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಉಚಿತ ಪ್ರಯಾಣದ ಹೆಣ್ಣುಮಕ್ಕಳನ್ನು ಹಗುರವಾಗಿ ಮಾತನಾಡಿಸುವ ನಿರ್ವಾಹಕರ ನಡತೆ ಖಂಡಿತ ತಪ್ಪು. ಅಂಥವರ ಮೇಲೆ ದೂರು ಕೊಡುವುದು ನ್ಯಾಯ. ಬಸ್ಸುಗಳ ಸಂಖ್ಯೆ ಕಡಿಮೆ ಇದ್ದಷ್ಟೂ ಜನದಟ್ಟಣೆ ಹೆಚ್ಚು, ದಟ್ಟಣೆ ಹೆಚ್ಚಿದಷ್ಟೂ ಎರಡೂ ಕಡೆಯ ತಾಳ್ಮೆ ಕಡಿಮೆ.

ಕೆಲವು ಗಂಟುಗಳು ಸಡಿಲವಾಗುತ್ತಿವೆ. ಯುಪಿಐ ಬಂದ ಮೇಲೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಸರಿಯಾಗಿ ಹನ್ನೆರಡೇ ರೂಪಾಯಿ ಕೊಡಬಹುದು. ನೆಟ್‌ವರ್ಕ್ ಸಿಗದ ಘಾಟಿಯಲ್ಲಿ "ದುಡ್ಡು ಹೋಗಿದೆ ನೋಡಿ", "ನನಗಿನ್ನೂ ಬಂದಿಲ್ಲ" ಎಂಬ ಹೊಸ ವಾದ ಹುಟ್ಟಿದೆ ನಿಜ, ಆದರೂ ಚಿಲ್ಲರೆ ಜಗಳ ಅಷ್ಟರಮಟ್ಟಿಗೆ ಇಳಿದಿದೆ. ಉಳಿದ ಕೆಲಸ ನಿಗಮಗಳದ್ದು. ಮೊದಲ ಟ್ರಿಪ್‌ಗೇ ಸಾಕಷ್ಟು ಚಿಲ್ಲರೆ ಕೊಟ್ಟು ಕಳಿಸಬೇಕು. ಮಗುವಿನ ವಯಸ್ಸು, ಲಗೇಜ್, ಗುರುತಿನ ಚೀಟಿಯ ನಿಯಮಗಳನ್ನು ಬಾಗಿಲಲ್ಲೇ ದಪ್ಪ ಅಕ್ಷರದಲ್ಲಿ ಬರೆಸಬೇಕು. ನಿಯಮ ಗೋಡೆಯ ಮೇಲಿದ್ದರೆ ಅದನ್ನು ಹೇಳಿದವರು ವೈರಿಯಾಗಿ ಕಾಣುವುದಿಲ್ಲ.

ರಾತ್ರಿ ಬಸ್ಸು ಡಿಪೊ ಸೇರಿದ ಮೇಲೂ ಕಂಡಕ್ಟರ್ ಡ್ಯೂಟಿ ಮುಗಿದಿರುವುದಿಲ್ಲ. ಮೆಷಿನ್ ಕೊಟ್ಟ ಲೆಕ್ಕದ ಚೀಟಿ ಪಕ್ಕದಲ್ಲಿಟ್ಟುಕೊಂಡು, ಬೆವರಿಗೆ ಮುದುಡಿದ ನೋಟುಗಳನ್ನು ಒಂದೊಂದಾಗಿ ಬಿಡಿಸಿ ಎಣಿಸಬೇಕು, ನಾಣ್ಯಗಳನ್ನು ಹತ್ತರ ಗುಡ್ಡೆ ಮಾಡಬೇಕು. ನೂಕುನುಗ್ಗಲಲ್ಲಿ ಯಾರಿಗೋ ಹೆಚ್ಚಿಗೆ ಹೋದ ಇಪ್ಪತ್ತು ರೂಪಾಯಿಯನ್ನು ಸ್ವಂತ ಜೇಬಿನಿಂದ ತೆಗೆದು ಆ ಗುಡ್ಡೆಯ ಪಕ್ಕ ಇಡಬೇಕು. ಕ್ಯಾಷ್ ಕಟ್ಟಿ ಕೌಂಟರ್‌ನಿಂದ ಹೊರಬಂದವರು ನೋಟಿಸ್ ಬೋರ್ಡ್ ಮುಂದೆ ನಿಂತು, ನಾಳೆ ತಮ್ಮ ಹೆಸರು ಯಾವ ಮಾರ್ಗಕ್ಕೆ ಬಿದ್ದಿದೆ ಎಂದು ಹುಡುಕುತ್ತಾರೆ.